ಐದನೇ ಸಲಕ್ಕೆ ಬಾಗಿಲು ತೆರೆಯುವ ಆಲ್ಬಮ್

ಕ್ರೇಗ್ ಫಿನ್ ಅವರ ದನಿಯನ್ನು ಮೊದಲ ಸಲ ಕೇಳಿದ ಬಹಳಷ್ಟು ಜನರಿಗೆ ಹುಟ್ಟುವುದು ಒಂದೇ ಪ್ರಶ್ನೆ. ಇವನು ಹಾಡ್ತಿದ್ದಾನಾ, ಮಾತಾಡ್ತಿದ್ದಾನಾ? ಹಿಂದೆ ಗಿಟಾರ್ ಮೊಳಗುತ್ತಿರುತ್ತದೆ. ಡ್ರಮ್ಸ್ ಉಸಿರು ಬಿಡದೆ ಓಡುತ್ತಿರುತ್ತದೆ. ಅದರ ಮೇಲೆ ಒಬ್ಬ ಮನುಷ್ಯ, ರಾಗದ ಹಂಗೇ ಇಲ್ಲದವನಂತೆ, ಗಂಟಲು ಬಿಟ್ಟು ಏನನ್ನೋ ಹೇಳುತ್ತಲೇ ಹೋಗುತ್ತಾನೆ. ಒಂದು ಹುಡುಗಿಯ ಹೆಸರು ಬರುತ್ತದೆ. ಒಂದು ರಸ್ತೆಯ ಹೆಸರು ಬರುತ್ತದೆ. ಬೈಬಲ್‌ನ ಒಂದು ಮಾತು ಬರುತ್ತದೆ. ಕೆಲವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಕೆಲವರು ಮುಂದೆ ಹೋಗುತ್ತಾರೆ. ಹಾಗೆ ಮುಂದೆ ಹೋದವರಲ್ಲಿ ಎಷ್ಟೋ ಜನ ಇಪ್ಪತ್ತು ವರ್ಷವಾದರೂ ವಾಪಸ್ ಬಂದಿಲ್ಲ.

ಫಿನ್ ಹಾಡುವ, ದ ಹೋಲ್ಡ್ ಸ್ಟೆಡಿ ಎಂಬ ಅಮೆರಿಕದ ರಾಕ್ ಬ್ಯಾಂಡಿನ 'ಸೆಪರೇಷನ್ ಸಂಡೇ' ಆಲ್ಬಮ್ 2005ರ ಮೇ ತಿಂಗಳಲ್ಲಿ ಬಂತು. ಮರುವರ್ಷ ಅಕ್ಟೋಬರ್‌ನಲ್ಲಿ 'ಬಾಯ್ಸ್ ಆ್ಯಂಡ್ ಗರ್ಲ್ಸ್ ಇನ್ ಅಮೆರಿಕ' ಬಂತು. ಈ ಎರಡರ ಬಗ್ಗೆ ಕೇಳುಗರು ಅಂದಿನಿಂದ ಇಂದಿನವರೆಗೆ ವಾದ ಮಾಡುತ್ತಲೇ ಇದ್ದಾರೆ. ಆ ವಾದವನ್ನು ಹತ್ತಿರದಿಂದ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಥೆ ಹೇಳುವ ಆಲ್ಬಮ್ ಒಂದೇ ಏಟಿಗೆ ಕೇಳುಗರ ಕೈಗೆ ಸಿಗುವುದಿಲ್ಲ. ಮೊದಲು ದನಿ ಕೇಳುತ್ತದೆ, ಆಮೇಲೆ ಮಾತು ಕೇಳುತ್ತದೆ, ಕಥೆ ಕೇಳುವುದು ಇನ್ನೂ ಆಮೇಲೆ. ಆದರೆ ಇವತ್ತು ನಾವು ಹಾಡು ಕೇಳುವ ಬಗೆ ಮೊದಲ ಮೆಟ್ಟಿಲಲ್ಲೇ ತೀರ್ಪು ಕೇಳುತ್ತದೆ. ಇದು ನನಗೆ ಸಣ್ಣ ವಿಷಯ ಅನಿಸುವುದಿಲ್ಲ. ಇಂಥ ಆಲ್ಬಮ್‌ಗಳು ಉಳಿಯುತ್ತವೋ ಇಲ್ಲವೋ ಅನ್ನುವುದು ಇದರ ಮೇಲೇ ನಿಂತಿದೆ.

ಈ ಬ್ಯಾಂಡಿನ ಸಂಗೀತ ಬಾರ್ ರಾಕ್. ಅದು ಎಲ್ಲಿಂದ ಬಂತು ಅಂತ ತಿಳಿದರೆ ಆ ದನಿಯೂ ಅರ್ಥವಾಗುತ್ತದೆ. ಅಮೆರಿಕದಲ್ಲಿ ಬಾರ್ ಬ್ಯಾಂಡ್ ಅನ್ನುವುದು ಬಹಳ ಕಾಲ ಹೊಗಳಿಕೆಯ ಮಾತಾಗಿರಲಿಲ್ಲ. ಬಾರಿನ ಒಂದು ಮೂಲೆಯಲ್ಲಿ ನಿಂತು, ಎಲ್ಲರಿಗೂ ಗೊತ್ತಿರುವ ಹಾಡುಗಳನ್ನು ರಾತ್ರಿಯಿಡೀ ಬಾರಿಸುವ ತಂಡ ಅಂತ ಅದರ ಅರ್ಥ. ಎದುರಿಗಿದ್ದವರು ಕುಡಿಯುತ್ತಿರುತ್ತಾರೆ, ಹರಟುತ್ತಿರುತ್ತಾರೆ, ಬೆನ್ನು ತಿರುಗಿಸಿ ಕೂತಿರುತ್ತಾರೆ. ಅಲ್ಲಿ ನಾಜೂಕು ನಡೆಯುವುದಿಲ್ಲ. ಗಿಟಾರಿನ ರಿಫ್, ಅಂದರೆ ಮತ್ತೆ ಮತ್ತೆ ಬರುವ ಸಣ್ಣ ಸ್ವರಗುಚ್ಛ, ದೊಡ್ಡದಾಗಿರಬೇಕು. ಕೋರಸ್, ಅಂದರೆ ಹಾಡಿನ ಪಲ್ಲವಿ, ಮೊದಲ ಸಲಕ್ಕೇ ಬಾಯಿಗೆ ಬರಬೇಕು. ಹಾಡುವವರ ದನಿ ಗದ್ದಲವನ್ನು ಸೀಳಿಕೊಂಡು ಹೋಗಬೇಕು. ಬ್ರಿಟನ್ನಿನಲ್ಲಿ 1970ರ ದಶಕದ ಮೊದಲ ಭಾಗದಲ್ಲಿ ಡಾಕ್ಟರ್ ಫೀಲ್‌ಗುಡ್ ಥರದ ತಂಡಗಳು ಇದೇ ದಾರಿಯಲ್ಲಿ ನಡೆದವು, ಅಲ್ಲಿ ಅದಕ್ಕೆ ಪಬ್ ರಾಕ್ ಅಂತ ಹೆಸರು ಬಂತು. ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಕಡಲತೀರದ ಬಾರುಗಳಲ್ಲಿ ಪಳಗಿದವರು. 1975ರ 'ಬಾರ್ನ್ ಟು ರನ್'ನಲ್ಲಿ ಅವರು ಬಾರಿನ ಗದ್ದಲವನ್ನೂ ಕಾದಂಬರಿಯಂಥ ಕಥೆಯನ್ನೂ ಒಂದೇ ಹಾಡಿನಲ್ಲಿ ಕೂರಿಸಿದರು. ಮಿನಿಯಾಪೊಲಿಸ್‌ನ ದ ರಿಪ್ಲೇಸ್‌ಮೆಂಟ್ಸ್ ತಂಡ 1980ರ ದಶಕದಲ್ಲಿ ಅದಕ್ಕೆ ಇನ್ನಷ್ಟು ಒರಟುತನ ಸೇರಿಸಿತು.

ಫಿನ್ ಹುಟ್ಟಿದ್ದು 1971ರಲ್ಲಿ, ಬೋಸ್ಟನ್‌ನಲ್ಲಿ. ಬೆಳೆದದ್ದು ಮಿನಿಯಾಪೊಲಿಸ್ ಪಕ್ಕದ ಇಡೈನಾದಲ್ಲಿ, ಕ್ಯಾಥೊಲಿಕ್ ಮನೆಯಲ್ಲಿ. ಅಲ್ಲಿ ಅವರು ಲಿಫ್ಟರ್ ಪುಲ್ಲರ್ ಎಂಬ ತಂಡ ನಡೆಸಿದರು. ಗಿಟಾರಿಸ್ಟ್ ಟ್ಯಾಡ್ ಕೂಬ್ಲರ್ ಕೂಡ ಅದರಲ್ಲಿದ್ದರು. ತಂಡ ಮುರಿದ ಮೇಲೆ ಇಬ್ಬರೂ ನ್ಯೂಯಾರ್ಕ್ ಸೇರಿದರು. ಒಂದು ದಿನ 'ದ ಲಾಸ್ಟ್ ವಾಲ್ಟ್ಜ್' ನೋಡುತ್ತಿದ್ದರಂತೆ. ದ ಬ್ಯಾಂಡ್ ತಂಡದ 1976ರ ವಿದಾಯ ಕಛೇರಿಯ ಚಿತ್ರ ಅದು. ಇಂಥ ಬ್ಯಾಂಡ್‌ಗಳು ಈಗ ಯಾಕಿಲ್ಲ ಅನ್ನುವ ಮಾತು ಬಂತು. ಆ ಮಾತಿನಿಂದಲೇ 2003ರ ಹೊತ್ತಿಗೆ ಬ್ರೂಕ್ಲಿನ್‌ನಲ್ಲಿ ದ ಹೋಲ್ಡ್ ಸ್ಟೆಡಿ ಹುಟ್ಟಿತು. ಆಗ ನ್ಯೂಯಾರ್ಕ್‌ನಲ್ಲಿ ಓಡುತ್ತಿದ್ದದ್ದು ಡ್ಯಾನ್ಸ್ ಬೀಟಿನ ಚುರುಕಾದ ರಾಕ್. ಇವರು ಮಾಡಹೊರಟಿದ್ದು ಫ್ಯಾಷನ್ ಅಲ್ಲದ್ದು. ಜೋಡಿ ಗಿಟಾರ್, ಪಿಯಾನೊ, ಬಿಯರ್, ಪೂರ್ತಿ ಪುಟ ತುಂಬುವಷ್ಟು ಮಾತು.

ಈ ಮಾತಿನ ರಾಶಿಯೇ ಮೊದಲ ಜಗಳಕ್ಕೆ ಕಾರಣ. ದನಿ ಹಿಡಿಸಲಿಲ್ಲ ಅನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸಂಗೀತ ಮೊದಲು ಕಿವಿಗೆ ಬೀಳಬೇಕು, ಅದು ನ್ಯಾಯವಾದ ನಿರೀಕ್ಷೆ. ಆದರೆ ಈ ಹಾಡುಗಳನ್ನು ಒಳ್ಳೆಯ ಕಂಠದವರು ಆಲಾಪಿಸಿಕೊಂಡು ಹಾಡಿದರೆ ಹೇಗಿರುತ್ತದೆ ಅಂತ ಊಹಿಸಿ ನೋಡಿ. ಕಥೆ ಸತ್ತೇ ಹೋಗುತ್ತದೆ. ಫಿನ್ ಮಾತಾಡುವ ಬಗೆ ಬಾರಿನಲ್ಲಿ ಪಕ್ಕದ ಸ್ಟೂಲಿನವರು ನಿಮ್ಮ ಕಡೆ ತಿರುಗಿ, ನಾನು ಒಂದು ಹುಡುಗಿಯನ್ನು ಬಲ್ಲೆ ಅಂತ ಶುರು ಮಾಡಿದ ಹಾಗಿದೆ. ಅವರು ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುತ್ತಾರೆ. ಅರ್ಧಕ್ಕೆ ಬಿಟ್ಟು ಬೇರೆಲ್ಲಿಗೋ ಹೋಗುತ್ತಾರೆ. ಒಂದು ಪ್ರಾಸ ಸಿಕ್ಕಿದ ಖುಷಿಯಲ್ಲಿ ಕಥೆಯನ್ನೇ ತಿರುಗಿಸುತ್ತಾರೆ. ಅಂಥವರ ಮಾತನ್ನು ನಂಬಬೇಕೋ ಬೇಡವೋ ಅಂತ ನಮಗೆ ಗೊತ್ತಾಗುವುದಿಲ್ಲ. ಆದರೂ ಎದ್ದು ಹೋಗಲು ಮನಸ್ಸು ಬರುವುದಿಲ್ಲ.

ನಾನು ಸ್ವತಃ 'ಸೆಪರೇಷನ್ ಸಂಡೇ'ಯನ್ನು ಎರಡನೇ ಹಾಡಿಗೆ ನಿಲ್ಲಿಸಿದವರ ಪೈಕಿ. ಗದ್ದಲ ಜಾಸ್ತಿ ಅನಿಸಿತ್ತು. ಎಷ್ಟೋ ತಿಂಗಳಾದ ಮೇಲೆ ಹಾಡಿನ ಸಾಹಿತ್ಯ ಎದುರಿಗಿಟ್ಟುಕೊಂಡು, ಓದುತ್ತಾ ಕೇಳಿದೆ. ಆಗಲೇ ಗೊತ್ತಾಗಿದ್ದು, ಮೊದಲ ಹಾಡಿನಲ್ಲಿ ಸುಮ್ನೆ ಹೆಸರು ಹೇಳದೆ ಬಂದವಳು ಕೊನೆಯ ಹಾಡಿನಲ್ಲಿ ಚರ್ಚಿನ ಬಾಗಿಲು ತಳ್ಳುವವಳೇ ಅಂತ.

'ಸೆಪರೇಷನ್ ಸಂಡೇ'ಯಲ್ಲಿ 11 ಹಾಡುಗಳಿವೆ, ಒಟ್ಟು ಸುಮಾರು 42 ನಿಮಿಷ. ಮುಖ್ಯ ಪಾತ್ರಗಳು ಮೂರು. ಹಾಲಿ ಎಂಬ ಹುಡುಗಿ, ಅವಳ ಪೂರ್ತಿ ಹೆಸರು ಹಾಲೆಲೂಯ. ಗಿಡಿಯನ್ ಎಂಬ ಸ್ಕಿನ್‌ಹೆಡ್, ಅಂದರೆ ತಲೆ ಬೋಳಿಸಿಕೊಂಡು ಓಡಾಡುವ ಪಂಗಡದ, ಹುಡುಗ. ಶಾರ್ಲೆಮೇನ್ ಎಂಬ ತಲೆಹಿಡುಕ. ಹೆಸರುಗಳನ್ನು ನೋಡಿ. ಗಿಡಿಯನ್ ಬೈಬಲ್‌ನ ನ್ಯಾಯಸ್ಥಾಪಕ. ಅಮೆರಿಕದ ಹೋಟೆಲ್ ಕೋಣೆಗಳ ಡ್ರಾಯರ್‌ನಲ್ಲಿ ಬೈಬಲ್ ಇಟ್ಟುಹೋಗುವ ಸಂಸ್ಥೆಗೂ ಅವನ ಹೆಸರೇ. ಶಾರ್ಲೆಮೇನ್ 800ನೇ ಇಸವಿಯಲ್ಲಿ ಪೋಪ್ ಕೈಯಿಂದ ಕಿರೀಟ ಹಾಕಿಸಿಕೊಂಡ ಚಕ್ರವರ್ತಿ. ಆ ಹೆಸರಿನವನು ಇಲ್ಲಿ ಸ್ವೆಟ್‌ಪ್ಯಾಂಟ್ ಹಾಕಿಕೊಂಡು ಬೀದಿಯಲ್ಲಿ ನಿಂತಿದ್ದಾನೆ. ಹಾಲಿ ಕ್ಯಾಥೊಲಿಕ್ ಹುಡುಗಿ. ಮನೆ ಬಿಡುತ್ತಾಳೆ, ಪಾರ್ಟಿಗಳಿಗೆ ಬೀಳುತ್ತಾಳೆ, ಡ್ರಗ್ಸ್‌ಗೆ ಬೀಳುತ್ತಾಳೆ. ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ಅವಳಿಗೆ ಒಂದು ಬಗೆಯ ದೀಕ್ಷಾಸ್ನಾನವೂ ಆಗುತ್ತದೆ. ಅದು ಭಕ್ತಿಯೋ ಅಮಲೋ ಅಂತ ಹಾಡು ಬಿಡಿಸಿ ಹೇಳುವುದಿಲ್ಲ. ಆಮೇಲೆ ವರ್ಷಗಟ್ಟಲೆ ಕಾಣೆಯಾಗುತ್ತಾಳೆ. ಕೊನೆಗೆ ಈಸ್ಟರ್ ದಿನದ ಪೂಜೆ ನಡೆಯುವಾಗ, ಕೂದಲಲ್ಲಿ ಒಡೆದ ಗಾಜು, ಮುರಿದ ಹಿಮ್ಮಡಿಯ ಚಪ್ಪಲಿಯಲ್ಲಿ ಕುಂಟುತ್ತಾ ಒಳಗೆ ಬರುತ್ತಾಳೆ. ಪುನರುತ್ಥಾನ ನಿಜವಾಗಿ ಹೇಗಿರುತ್ತದೆ ಅಂತ ಇವರಿಗೆ ನಾನು ಹೇಳಲಾ ಅಂತ ಪಾದ್ರಿಯನ್ನು ಕೇಳುತ್ತಾಳೆ.

ಇಷ್ಟನ್ನು ನಾನು ಹತ್ತು ಸಾಲಿನಲ್ಲಿ ಬರೆದೆ. ಆಲ್ಬಮ್ ಹೀಗೆ ಬರೆದುಕೊಡುವುದಿಲ್ಲ. ಅಲ್ಲಿ ಘಟನೆಗಳು ಹಿಂದೆ ಮುಂದೆ ಆಗಿವೆ. ಒಂದು ಹಾಡಿನ ಸಾಲು ಇನ್ನೊಂದು ಹಾಡಿನಲ್ಲಿ ಬೇರೆಯವರ ಬಾಯಲ್ಲಿ ಬರುತ್ತದೆ. ಯಾರು ಹೇಳಿದರು, ಯಾರಿಗೆ ಹೇಳಿದರು ಅಂತ ಹುಡುಕಬೇಕು. ಕೇಳುಗರ ಪ್ರತಿಕ್ರಿಯೆಯಲ್ಲಿ ನನಗೆ ತುಂಬಾ ಇಷ್ಟವಾಗುವುದು ಈ ಹುಡುಕಾಟ. ಹಾಡುಗಳಲ್ಲಿ ಬರುವ ಬೀದಿಗಳನ್ನು ಮಿನಿಯಾಪೊಲಿಸ್‌ನ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುವವರಿದ್ದಾರೆ. ಮೊದಲ ಹಾಡಿನ ಹೆಸರಿನಲ್ಲಿರುವ ಕಣಜ ಇಡೈನಾ ಹೈಸ್ಕೂಲ್ ತಂಡಗಳ ಲಾಂಛನ ಅಂತ ಕಂಡುಹಿಡಿದು ಖುಷಿಪಟ್ಟವರಿದ್ದಾರೆ. ಎರಡನೇ ಹಾಡಿನ ಹೆಸರು ಆದಿಕಾಂಡದ ಸೃಷ್ಟಿಯ ವರ್ಣನೆಯಿಂದ ಬಂದದ್ದು ಅಂತ ಬೈಬಲ್ ತೆರೆದು ನೋಡಿದವರಿದ್ದಾರೆ. ಇಂಥವರನ್ನು ನೋಡಿ ಇಷ್ಟೆಲ್ಲಾ ಯಾಕೆ, ಹಾಡು ಕೇಳಿದರೆ ಸಾಲದಾ ಅಂತ ಮೂಗು ಮುರಿಯುವವರೂ ಇದ್ದಾರೆ. ನನಗೆ ಅನಿಸುವುದು ಹೀಗೆ. ಹೇಳುವವರು ಬಿಟ್ಟ ಜಾಗವನ್ನು ಕೇಳುವವರು ತುಂಬಿದಾಗಲೇ ಕಥೆ ಪೂರ್ತಿಯಾಗುವುದು. ಫಿನ್ ಅಷ್ಟೊಂದು ಜಾಗ ಬಿಟ್ಟಿದ್ದಾರೆ. ತುಂಬದೆ ಇರುವುದು ಹೇಗೆ?

ಮುಂದಿನ ಆಲ್ಬಮ್‌ಗೆ ಬಂದ ಪ್ರತಿಕ್ರಿಯೆ ಬೇರೆ ಥರದ್ದು. 'ಬಾಯ್ಸ್ ಆ್ಯಂಡ್ ಗರ್ಲ್ಸ್ ಇನ್ ಅಮೆರಿಕ' ಒಂದೇ ಕಥೆಯನ್ನು ಎಳೆದುಕೊಂಡು ಹೋಗುವುದಿಲ್ಲ. ಹೆಸರು ಬಂದದ್ದು ಜ್ಯಾಕ್ ಕೆರೊವಾಕ್ ಅವರ 1957ರ ಕಾದಂಬರಿ 'ಆನ್ ದ ರೋಡ್'ನ ಒಂದು ಸಾಲಿನಿಂದ. ಅಮೆರಿಕದ ಹುಡುಗ ಹುಡುಗಿಯರು ಒಟ್ಟಿಗಿದ್ದೂ ದುಃಖಪಡುತ್ತಾರೆ ಎಂಬರ್ಥದ ಸಾಲು ಅದು. ಇಲ್ಲಿ ಹೆಚ್ಚಿನ ಹಾಡುಗಳಲ್ಲಿ ಬೇರೆ ಬೇರೆ ಜನ. ಯಾವ ಕುದುರೆ ಗೆಲ್ಲುತ್ತದೆ ಅಂತ ಮುಂಚೆಯೇ ತಿಳಿಯುವ ಹುಡುಗಿ ಒಂದು ಹಾಡಿನಲ್ಲಿ. ಸಂಗೀತ ಉತ್ಸವದಲ್ಲಿ ಅಮಲು ಹೆಚ್ಚಾಗಿ ಚಿಕಿತ್ಸೆಯ ಟೆಂಟ್ ಸೇರಿದ ಇಬ್ಬರು ಅಪರಿಚಿತರು ಇನ್ನೊಂದರಲ್ಲಿ. ಆ ಹಾಡನ್ನು ಇಬ್ಬರು ಅತಿಥಿ ಗಾಯಕರು ಪಾತ್ರಗಳಾಗಿ ಹಾಡುತ್ತಾರೆ. ಅದನ್ನು ಎದೆಗೆ ಹಚ್ಚಿಕೊಂಡವರೂ ಇದ್ದಾರೆ, ಪ್ರತಿ ಸಲ ಜಾರಿಸಿ ಮುಂದಕ್ಕೆ ಹೋಗುವವರೂ ಇದ್ದಾರೆ. ಮೊದಲ ಹಾಡಿನಲ್ಲಿ ಕವಿ ಜಾನ್ ಬೆರಿಮನ್ ಬರುತ್ತಾರೆ. 1972ರ ಜನವರಿಯಲ್ಲಿ ಮಿನಿಯಾಪೊಲಿಸ್‌ನ ವಾಷಿಂಗ್ಟನ್ ಅವೆನ್ಯೂ ಸೇತುವೆಯಿಂದ ಬಿದ್ದು ಪ್ರಾಣ ಕಳೆದುಕೊಂಡ ಕವಿ ಅವರು. ಪಿಯಾನೊ ಮೊಳಗುವ, ಎದ್ದು ಕುಣಿಯಬೇಕು ಅನಿಸುವ ಹಾಡಿನ ನಡುವೆ ಅಂಥ ಒಂದು ಸಾವು ಕೂತಿದೆ.

ಈ ಆಲ್ಬಮ್‌ನಲ್ಲಿ ಫಿನ್ ಸ್ವಲ್ಪ ಹಾಡುತ್ತಾರೆ ಕೂಡ. ಕೋರಸ್‌ಗಳು ದೊಡ್ಡದಾಗಿವೆ. ಫ್ರಾನ್ಜ್ ನಿಕೊಲೇ ಅವರ ಪಿಯಾನೊ ಮುಂದಕ್ಕೆ ಬಂದಿದೆ. ಸಂಗೀತ ವಿಮರ್ಶೆಯ ಜಾಲತಾಣ ಪಿಚ್‌ಫೋರ್ಕ್ ಇದಕ್ಕೆ 10ಕ್ಕೆ 9.4 ಕೊಟ್ಟಿತು. ಕೇಳುಗರ ಬಳಗ ಹಿಗ್ಗಿತು. ಜೊತೆಗೇ ಎರಡು ಪಕ್ಷಗಳೂ ಹುಟ್ಟಿದವು. ಒಂದು ಪಕ್ಷಕ್ಕೆ 'ಸೆಪರೇಷನ್ ಸಂಡೇ'ಯೇ ಶಿಖರ. ಅದರ ಒರಟುತನ, ಅದರ ಒಗಟು, ಅದರ ಒಂದೇ ಕಥೆ. ಇನ್ನೊಂದು ಪಕ್ಷಕ್ಕೆ ಅದು ಪರೀಕ್ಷೆಯಂತೆ ಕಾಣುತ್ತದೆ, ಮುಂದಿನದ್ದು ಹಬ್ಬದಂತೆ. ಯಾವುದು ಮೇಲು ಅಂತ ಕೇಳಿದರೆ ನಾನು ಮೊದಲ ಪಕ್ಷದವನು. ಆದರೆ ಎರಡನೆಯದು ಇರದಿದ್ದರೆ ಮೊದಲನೆಯದರ ಹತ್ತಿರ ನಾನು ವಾಪಸ್ ಹೋಗುತ್ತಲೇ ಇರಲಿಲ್ಲ. ಅಲ್ಲಿ ಕೋರಸ್ ಕೈಹಿಡಿದು ಒಳಗೆ ಕರೆದುಕೊಂಡು ಹೋಯಿತು. ಆಮೇಲೆ ಮಾತಿಗೆ ಕಿವಿ ಕೊಡುವುದು ಅಭ್ಯಾಸವಾಯಿತು.

ಮಾತು ಎಷ್ಟು ಮುಖ್ಯ ಅನ್ನುವುದು 2014ರಲ್ಲಿ ಇನ್ನೂ ಚೆನ್ನಾಗಿ ಗೊತ್ತಾಯಿತು. ಆ ವರ್ಷದ 'ಟೀತ್ ಡ್ರೀಮ್ಸ್' ಆಲ್ಬಮ್‌ನಲ್ಲಿ ಗಿಟಾರುಗಳು ತುಂಬಾ ದಟ್ಟವಾಗಿವೆ. ದನಿ, ವಾದ್ಯಗಳನ್ನು ಬೆರೆಸುವ ಮಿಕ್ಸ್‌ನಲ್ಲಿ ಫಿನ್ ಅವರ ದನಿ ಹಿಂದಕ್ಕೆ ಸರಿದಿದೆ. ಹಳೆಯ ಕೇಳುಗರು ದೂರಿದ್ದು ಇದನ್ನೇ. ಹಾಡು ಚೆನ್ನಾಗಿದೆ, ಆದರೆ ಏನು ಹೇಳ್ತಿದ್ದಾರೆ ಅಂತ ಕೇಳಿಸ್ತಿಲ್ಲ. ಬೇರೆ ರಾಕ್ ಬ್ಯಾಂಡಿಗೆ ಇದು ದೊಡ್ಡ ದೂರಲ್ಲ. ಗಿಟಾರ್ ಚೆನ್ನಾಗಿ ಕೇಳಿದರೆ ಸಾಕು ಅನ್ನುವವರು ಬಹಳ. ಇಲ್ಲಿ ಮಾತ್ರ, ಒಂದು ಕಾಲಕ್ಕೆ ಇವನಿಗೆ ಹಾಡಲು ಬರುವುದಿಲ್ಲ ಅನಿಸಿಕೊಂಡ ದನಿಯನ್ನೇ ಜನ ವಾಪಸ್ ಕೇಳುತ್ತಿದ್ದರು. ದನಿಯ ಬಗೆಗಿನ ಆ ಮೊದಲ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಈಗ ನಾವು ಕೇಳುವ ಬಗೆಯ ಮಾತಿಗೆ ಬರೋಣ. ಇಂಟರ್ನೆಟ್ಟಿನಲ್ಲಿ ಹಾಡು ಕೇಳಿಸುವ ಸ್ಪಾಟಿಫೈನಲ್ಲಿ ಒಂದು ಹಾಡನ್ನು 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಆಮೇಲೆ ನೀವು ಪೂರ್ತಿ ಕೇಳಿ, ಬಿಡಿ, ಲೆಕ್ಕ ಅಷ್ಟೇ. ಹಾಗಾಗಿ ಹಾಡಿನ ಮೊದಲ ಅರ್ಧ ನಿಮಿಷದ ಮೇಲೆ ಎಲ್ಲ ಒತ್ತಡ ಬೀಳುತ್ತದೆ. 'ಸೆಪರೇಷನ್ ಸಂಡೇ' ಶುರುವಾಗುವುದು ಹೇಗೆ ಗೊತ್ತಾ? ವಾದ್ಯವೇ ಇಲ್ಲ. ಬರೀ ಫಿನ್ ಅವರ ದನಿ, ಬರೀ ಮಾತು. ಆಮೇಲೆ ಬ್ಯಾಂಡ್ ಬಂದು ಬಡಿಯುತ್ತದೆ. ಗೊತ್ತಿಲ್ಲದವರ ಪ್ಲೇಲಿಸ್ಟಿನಲ್ಲಿ ಈ ಹಾಡು ಬಂದರೆ ಬೆರಳು ಮುಂದಿನ ಹಾಡಿಗೆ ಹೋಗುವುದು ಸಹಜ. ಅವರದ್ದು ತಪ್ಪಲ್ಲ. ಅವರ ಮುಂದೆ ಬಂದದ್ದು ಕಾದಂಬರಿಯಿಂದ ಹರಿದ ಒಂದು ಹಾಳೆ. ಹರಿದ ಹಾಳೆ ಓದಿ ಕಾದಂಬರಿ ಹೇಗಿದೆ ಅಂತ ಯಾರು ಹೇಳಲು ಸಾಧ್ಯ?

ಹಾಡುಗಳ ಕ್ರಮದ ಕಥೆಯೂ ಇದೇ. 2021ರ ನವೆಂಬರ್‌ನಲ್ಲಿ ಗಾಯಕಿ ಅಡೆಲ್ ತಮ್ಮ ಹೊಸ ಆಲ್ಬಮ್ ಬಂದಾಗ ಸ್ಪಾಟಿಫೈಗೆ ಒಂದು ಬೇಡಿಕೆ ಇಟ್ಟರು. ಆಲ್ಬಮ್ ಪುಟದಲ್ಲಿ ಎದ್ದು ಕಾಣುತ್ತಿದ್ದ, ಹಾಡುಗಳ ಕ್ರಮ ಕಲಸುವ ಶಫಲ್ ಗುಂಡಿಯನ್ನು ತೆಗೆಯಿರಿ, ನಾವು ಹಾಡುಗಳನ್ನು ಜೋಡಿಸುವ ಕ್ರಮಕ್ಕೆ ಅರ್ಥವಿದೆ ಅಂತ. ಸ್ಪಾಟಿಫೈ ಒಪ್ಪಿತು. ಅಷ್ಟು ದೊಡ್ಡ ಗಾಯಕಿ ಕೇಳಿದ್ದರಿಂದ ಆದ ಕೆಲಸ ಅದು. ಆದರೆ ಅದರ ಅಗತ್ಯ ಹೆಚ್ಚಿದ್ದದ್ದು ಕಥೆ ಹೇಳುವ ಸಣ್ಣ ಬ್ಯಾಂಡುಗಳಿಗೆ. ಅಡೆಲ್ ಅವರ ಹಾಡು ಕ್ರಮ ತಪ್ಪಿದರೂ ಹಾಡಾಗಿ ನಿಲ್ಲುತ್ತದೆ. ಹಾಲಿಯ ಕಥೆಯಲ್ಲಿ ಪುನರುತ್ಥಾನ ಮೊದಲು ಬಂದು ಪತನ ಆಮೇಲೆ ಬಂದರೆ ಏನುಳಿಯುತ್ತದೆ?

ಹಾಗಂತ ಹಿಂದಿನ ಕಾಲವೇ ಚೆನ್ನಾಗಿತ್ತು ಅನ್ನಲು ನಾನು ತಯಾರಿಲ್ಲ. ಹಿಂದೆ ದುಡ್ಡು ಕೊಟ್ಟು ತಂದ ಸಿಡಿಯನ್ನು, ಇಷ್ಟವಾಗದಿದ್ದರೂ, ನಾಲ್ಕು ಸಲ ಕೇಳುತ್ತಿದ್ದರು ನಿಜ. ದುಡ್ಡು ಹಾಕಿದ್ದಕ್ಕಾದರೂ ಕೇಳಬೇಕಲ್ಲ. ಆದರೆ ಸಿಡಿ ಕೊಳ್ಳಲಾಗದವರಿಗೆ ಈ ಆಲ್ಬಮ್ ಸಿಗುತ್ತಲೇ ಇರಲಿಲ್ಲ. ಫ್ರೆಂಚ್‌ಕಿಸ್ ಎಂಬ ಸಣ್ಣ ಸ್ವತಂತ್ರ ಕಂಪನಿಯಿಂದ ಬಂದ ಆಲ್ಬಮ್ ಇದು. ಈಗ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಹುಡುಕಿ ಕೇಳಬಹುದು, ಕೇಳುತ್ತಲೇ ಸಾಹಿತ್ಯ ಓದಬಹುದು. ನಮ್ಮ ಕೈಯಲ್ಲಿ ಉಳಿದಿರುವುದು ಒಂದೇ. ಇದು ಸಾವಕಾಶ ಬೇಡುವ ಆಲ್ಬಮ್ ಅಂತ ಗೊತ್ತಾದಾಗ ಅಷ್ಟು ಹೊತ್ತು ಕೊಡುವುದು. ಬಂದ ದಿನವೇ ಅಂಕ ಹಾಕಿ ಮುಂದೆ ಹೋಗುವವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಅವರು ಏನನ್ನೋ ಕಳೆದುಕೊಳ್ಳುತ್ತಿದ್ದಾರೆ ಅಂತ ಬೇಜಾರಾಗುತ್ತದೆ.

ವಿರೋಧದ ಮಾತುಗಳಲ್ಲಿ ತೂಕವಿರುವ ಒಂದು ಮಾತಿದೆ, ಅದನ್ನು ಹಾರಿಸಿ ಹೋಗಲು ಆಗುವುದಿಲ್ಲ. ಹಾಲಿಯ ಕಥೆಯನ್ನು ಹೇಳುತ್ತಿರುವುದು ಒಬ್ಬ ಗಂಡಸು. ಅವಳು ನರಳುತ್ತಾಳೆ, ಅವನು ಅದನ್ನು ಪ್ರಾಸಕ್ಕೆ ಕೂರಿಸುತ್ತಾನೆ, ಬಾರಿನಲ್ಲಿ ಬಿಯರ್ ಎತ್ತಿ ಹಿಡಿದವರು ಜೊತೆಗೆ ಕೂಗುತ್ತಾರೆ. ಇದು ಸರಿಯಾ? ಕೆಲವು ಕೇಳುಗರು, ಅದರಲ್ಲೂ ಹೆಂಗಸರು, ಇದನ್ನು ಕೇಳಿದ್ದಾರೆ. ಡ್ರಗ್ಸ್‌ನಿಂದ ಹಾಳಾದ ಬದುಕನ್ನು ಹತ್ತಿರದಿಂದ ಕಂಡವರಿಗೆ ಈ ಹಾಡುಗಳ ಉತ್ಸಾಹ ಚುಚ್ಚಬಹುದು. ನಾನು ಇದಕ್ಕೆ ಎರಡು ಮಾತು ಹೇಳುತ್ತೇನೆ. ಬಾರಿನ ಗದ್ದಲದಲ್ಲಿ ಕೋರಸ್ ಮಾತ್ರ ಕೇಳಿ ಕುಣಿಯುವಾಗ ಈ ಅಪಾಯ ನಿಜ. ಅಲ್ಲಿ ಹಾಲಿ ಒಂದು ಹೆಸರಾಗಿಬಿಡುತ್ತಾಳೆ. ಪೂರ್ತಿ ಆಲ್ಬಮ್ ಕೇಳಿದಾಗ ಮಾತ್ರ ಅವಳಿಗೆ ತನ್ನದೇ ಬುದ್ಧಿ, ತನ್ನದೇ ಹಟ, ತನ್ನದೇ ಸುಳ್ಳುಗಳಿವೆ ಅಂತ ಕಾಣುತ್ತದೆ. ಕೊನೆಯಲ್ಲಿ ಮಾತಾಡಲು ಅನುಮತಿ ಕೇಳುವವಳು ಅವಳೇ. ಆದರೂ ಅವಳು ಮುಂದೆ ಏನು ಹೇಳಿದಳು ಅನ್ನುವುದನ್ನು ನಮಗೆ ಕೇಳಿಸುವವರು ಫಿನ್. ಆ ಕೊರತೆ ಪೂರ್ತಿ ಹೋಗುವುದಿಲ್ಲ.

ಇನ್ನೊಂದು ದೂರು ಹಳೆಯ ನೆನಪಿನ ಬಗ್ಗೆ. ಇವೆಲ್ಲಾ ಯೌವನವನ್ನು ನೆನೆದು ನಿಟ್ಟುಸಿರು ಬಿಡುವ ನಡುವಯಸ್ಸಿನ ಗಂಡಸರ ಹಾಡುಗಳು ಅಂತ. ಇದರಲ್ಲಿ ಅರ್ಧ ಸತ್ಯವಿದೆ. ಅಮೆರಿಕದಲ್ಲಿ ಮದ್ಯ ಕೊಳ್ಳಲು 21 ವರ್ಷ ತುಂಬಿರಬೇಕು. 1984ರ ಕಾನೂನಿನಿಂದ ಅದು ಎಲ್ಲ ರಾಜ್ಯಗಳಿಗೂ ಬಂತು. ಈ ಹಾಡುಗಳಲ್ಲಿ ಓಡಾಡುವ ಹುಡುಗ ಹುಡುಗಿಯರಿಗೆ 17, 18 ವರ್ಷ. ಅಂದರೆ ಅವರು ಬಾರಿನೊಳಗೆ ಕಾಲಿಡುವ ಹಾಗೇ ಇಲ್ಲ. ಅವರ ಪಾರ್ಟಿಗಳು ನದಿ ದಂಡೆಯಲ್ಲಿ, ಪಾರ್ಕಿಂಗ್ ಜಾಗದಲ್ಲಿ, ಎಲ್ಲ ವಯಸ್ಸಿನವರನ್ನೂ ಬಿಡುವ ಹಾರ್ಡ್‌ಕೋರ್ ಪಂಕ್ ಕಛೇರಿಗಳಲ್ಲಿ. ಹಾಗಾಗಿ ಇದು ಬಾರಿಗೆ ಬಿಟ್ಟುಕೊಳ್ಳದ ಮಕ್ಕಳ ಬಗ್ಗೆ, ಬಾರಿನಲ್ಲಿ ಕೂತ ದೊಡ್ಡವರು ಹೇಳುವ ಕಥೆ. ಹೇಳುವವರಿಗೂ ನಡೆದದ್ದಕ್ಕೂ ನಡುವೆ ಹತ್ತು ಹದಿನೈದು ವರ್ಷದ ದೂರವಿದೆ. ಆ ದೂರದಿಂದಲೇ ಹಾಡುಗಳಿಗೆ ನೋವು ಬಂದಿದೆ ಅಂತ ನನ್ನ ಅನಿಸಿಕೆ. ಯಾರು ಉಳಿದರು, ಯಾರು ಹೋದರು ಅಂತ ಹೇಳುವವರಿಗೆ ಆಗಲೇ ಗೊತ್ತಿದೆ.

ಅದಕ್ಕೇ ಕೇಳುಗರ ವಯಸ್ಸು ಏರಿದ ಹಾಗೆ ಪ್ರತಿಕ್ರಿಯೆಯೂ ಬದಲಾಗಿದೆ. 20ರ ವಯಸ್ಸಿನಲ್ಲಿ ಪಾರ್ಟಿ ಕೇಳಿಸಿದವರಿಗೆ 40ರಲ್ಲಿ ಪಾರ್ಟಿಯ ಮರುದಿನ ಕೇಳಿಸುತ್ತದೆ. ಬ್ಯಾಂಡ್ ಕೂಡ ಬದಲಾಗಿದೆ. 2010ರ ಆರಂಭದಲ್ಲಿ ನಿಕೊಲೇ ಬಿಟ್ಟುಹೋದರು. ಆ ವರ್ಷದ ಆಲ್ಬಮ್‌ನಲ್ಲಿ ಅವರ ಪಿಯಾನೊ ಇಲ್ಲದ್ದನ್ನು ಕೇಳುಗರು ಮನೆಯವರೊಬ್ಬರು ಹೋದಂತೆ ಹೇಳಿಕೊಂಡರು. 2016ರಲ್ಲಿ ಅವರು ವಾಪಸ್ ಬಂದರು. 2019, 2021, 2023ರಲ್ಲಿ ಮೂರು ಆಲ್ಬಮ್ ಬಂದವು. ಅವುಗಳಲ್ಲಿ ಹಾಲಿ ಇಲ್ಲ. ಕೆಲಸ, ಸಾಲ, ಖಿನ್ನತೆ, ಹೋಟೆಲ್ ಕೋಣೆಗಳ ನಡುವೆ ಸಿಕ್ಕಿಕೊಂಡ ದೊಡ್ಡವರ ಸಣ್ಣ ಸಣ್ಣ ಕಥೆಗಳಿವೆ. ಹಾಲಿ ಏನಾದಳು ಅಂತ ಕೇಳುವವರು ಈಗಲೂ ಇದ್ದಾರೆ. ಅವಳನ್ನು ಪದೇ ಪದೇ ಕರೆತರದೆ ಬಿಟ್ಟದ್ದು ಒಳ್ಳೆಯದೇ ಆಯಿತು ಅಂತ ನನಗನಿಸುತ್ತದೆ.

ಇದೇ ಜಾತಿಯ ಬೇರೆ ಆಲ್ಬಮ್‌ಗಳನ್ನೂ ಕೇಳುಗರು ಹೀಗೇ ನಿಧಾನಕ್ಕೆ ತಮ್ಮದಾಗಿಸಿಕೊಂಡಿದ್ದಾರೆ. ಡ್ರೈವ್-ಬೈ ಟ್ರಕ್ಕರ್ಸ್ ತಂಡದ 2001ರ 'ಸದರ್ನ್ ರಾಕ್ ಆಪೆರಾ' ಎರಡು ಡಿಸ್ಕಿನ ಕಥೆ. 1977ರ ವಿಮಾನ ಅಪಘಾತದಲ್ಲಿ ಮುಖ್ಯ ಸದಸ್ಯರನ್ನು ಕಳೆದುಕೊಂಡ ಲಿನರ್ಡ್ ಸ್ಕಿನರ್ಡ್ ಬ್ಯಾಂಡನ್ನು ನೆಪ ಮಾಡಿಕೊಂಡು ಅದು ಅಮೆರಿಕದ ದಕ್ಷಿಣ ಭಾಗದ ಹೆಮ್ಮೆಯನ್ನೂ ನಾಚಿಕೆಯನ್ನೂ ಒಟ್ಟಿಗೆ ಹೇಳುತ್ತದೆ. ಟೈಟಸ್ ಆ್ಯಂಡ್ರೊನಿಕಸ್ ತಂಡದ 2010ರ 'ದ ಮಾನಿಟರ್' ಒಬ್ಬ ಯುವಕನ ಸೋಲನ್ನು ಅಮೆರಿಕದ ಅಂತರ್ಯುದ್ಧದ ಜೊತೆ ಕಟ್ಟುತ್ತದೆ. ಈಚಿನದ್ದು ಬೇಕೆಂದರೆ ನಾರ್ತ್ ಕ್ಯಾರೊಲಿನಾದ ವೆನ್ಸ್‌ಡೇ ತಂಡದ 2023ರ 'ರ‍್ಯಾಟ್ ಸಾ ಗಾಡ್' ಇದೆ. ಅಲ್ಲಿ ಕಥೆ ಹೇಳುವವರು ಕಾರ್ಲಿ ಹಾರ್ಟ್ಸ್‌ಮನ್, ಒಬ್ಬ ಹೆಣ್ಣುಮಗಳು. ಸಣ್ಣ ಊರು, ಡ್ರಗ್ಸ್, ಪೆಟ್ರೋಲ್ ಬಂಕ್, ಹರೆಯದ ಗಾಯಗಳು. ಹಾಲಿಯ ಕಥೆ ಯಾರ ಬಾಯಲ್ಲಿ ಬರಬೇಕಿತ್ತು ಅಂತ ಕೇಳಿದವರಿಗೆ ಇದು ಒಂದು ಉತ್ತರದಂತೆ ಕಂಡರೆ ಆಶ್ಚರ್ಯವಿಲ್ಲ.

ದ ಹೋಲ್ಡ್ ಸ್ಟೆಡಿ ಕೇಳುಗರು ತಮ್ಮನ್ನು ಯೂನಿಫೈಡ್ ಸೀನ್ ಅಂತ ಕರೆದುಕೊಳ್ಳುತ್ತಾರೆ. 2016ರಿಂದ ಬ್ಯಾಂಡ್ ಬ್ರೂಕ್ಲಿನ್ ಬೋಲ್ ಎಂಬ ಕಛೇರಿ ನಡೆಯುವ ಜಾಗದಲ್ಲಿ ವರ್ಷದ ಕೊನೆಗೆ ಸಾಲಾಗಿ ಕೆಲವು ರಾತ್ರಿ ಬಾರಿಸುತ್ತದೆ. ಲಂಡನ್ನಿನಲ್ಲೂ 2018ರಿಂದ ಹಾಗೇ ವಾರಾಂತ್ಯದ ಕಛೇರಿಗಳು ಶುರುವಾದವು. ಬೇರೆ ಊರುಗಳಿಂದ, ಬೇರೆ ದೇಶಗಳಿಂದ ಜನ ರಜೆ ಹಾಕಿ ಬರುತ್ತಾರೆ. ಆ ಕಛೇರಿಗಳ ವಿಡಿಯೊ ನೋಡಿದರೆ ಒಂದು ವಿಶೇಷ ಗಮನಕ್ಕೆ ಬರುತ್ತದೆ. ಜನ ಬರೀ ಕೋರಸ್ ಹಾಡುವುದಿಲ್ಲ. ರಾಗವಿಲ್ಲದ, ಉದ್ದುದ್ದ, ಉಸಿರು ಸಾಲದ ಸಾಲುಗಳನ್ನೂ ಬೆರಳು ಎತ್ತಿ ಹಿಡಿದು, ಪದ ಬಿಡದೆ ಹೇಳುತ್ತಾರೆ. ಹಾಡಲು ಬರದವರ ಹಾಡು ಅಂತ ಬಿಟ್ಟುಹೋದವರಿದ್ದರಲ್ಲ, ಅದೇ ಕಾರಣಕ್ಕೆ ಇದನ್ನು ಯಾರು ಬೇಕಾದರೂ ಹೇಳಬಹುದು. ಸ್ವರ ತಪ್ಪುವ ಭಯವಿಲ್ಲ. ಬಾಯಿಪಾಠವಿದ್ದರೆ ಸಾಕು.

ಇಷ್ಟು ವರ್ಷವಾದರೂ ತೀರದ ವಾದ ಒಂದು ಉಳಿದಿದೆ. ಹಾಲಿ ನಿಜವಾಗಿ ಮರಳಿ ಬಂದಳಾ? ಕೆಲವರಿಗೆ ಆ ಈಸ್ಟರ್ ಬೆಳಗು ನಿಜವಾದ ಬಿಡುಗಡೆ. ಚರ್ಚಿನೊಳಗೆ ಕುಂಟುತ್ತಾ ಬಂದವಳನ್ನು ನೆನೆದು ಕಣ್ಣು ತುಂಬಿಕೊಳ್ಳುತ್ತಾರೆ. ಕೆಲವರಿಗೆ ಅದು ಇನ್ನೊಂದು ಅಮಲು, ಮರುವಾರ ಅವಳು ಮತ್ತೆ ಬೀದಿಯಲ್ಲಿರುತ್ತಾಳೆ. ನಾನು ಬಹಳ ದಿನ ಮೊದಲ ಗುಂಪಿನಲ್ಲಿದ್ದೆ. ಒಂದು ಸಲ ಕೊನೆಯ ಹಾಡು ಮುಗಿದ ಮೇಲೆ ನಿಲ್ಲಿಸದೆ ಬಿಟ್ಟೆ, ಆಲ್ಬಮ್ ಮತ್ತೆ ಮೊದಲಿನಿಂದ ಶುರುವಾಯಿತು. ವಾದ್ಯವಿಲ್ಲದ ಆ ಬರೀ ದನಿ. ಅದು ಹೇಳುವ ಮೊದಲ ಸಾಲೇ ಅವಳು ಹೇಳಿದ್ದು. ನನ್ನನ್ನು ಯಾವತ್ತೂ ನಂಬಬೇಡ, ಅದನ್ನು ನೆನಪಿಟ್ಟುಕೋ ಅಂತ ಅವಳು ಅಲ್ಲೇ ಹೇಳಿಬಿಟ್ಟಿದ್ದಾಳೆ.